ಬೆಲ್ಲದ ತೊಟ್ಟಿಯಲ್ಲಿ ದೋಣಿಮರ

ಮರದ ತುದಿಯಲ್ಲಿ ಒಂದು ಹನಿ ನಿಂತಿತ್ತು. ಹುಣಸೆಬೀಜದಷ್ಟು ದಪ್ಪ, ಬಣ್ಣವೂ ಅದೇ. ಬೀಳುವಷ್ಟು ಭಾರವಿದ್ದರೂ ಬೀಳದೆ ಅಂಟಿಕೊಂಡಿತ್ತು. ಪಕ್ಕದಲ್ಲಿ ಇನ್ನೊಂದು, ಅದರ ಕೆಳಗೆ ಸಣ್ಣ ಸಣ್ಣವು. ಬೆರಳಿನಿಂದ ಒತ್ತಿ ತೆಗೆದರೆ ನೂಲಿನಂತೆ ಎಳೆ ಬಂತು. ಅದನ್ನು ನಾಲಿಗೆಗೆ ತಾಗಿಸಬಾರದಿತ್ತು. ಹುಳ ಹಿಡಿಯದಿರಲಿ ಎಂದು ಮರ ನೆನೆಸಿಟ್ಟಿದ್ದ ನೀರಿಗೆ ಔಷಧದ ಪುಡಿ ಬೆರೆಸಿದವಳು ನಾನೇ. ಆದರೂ ತಾಗಿಸಿದೆ. ಮೊದಲು ಸಿಹಿ, ಅದರ ಬೆನ್ನಿಗೇ ಸಣ್ಣಗೆ ಉಪ್ಪು, ಕೊನೆಗೆ ಗಂಟಲಿನ ಹತ್ತಿರ ಆಲೆಮನೆಯ ಹೊಗೆ. ಉಗುಳಿ, ಅಂಗಡಿಯ ಮುಂದಿನ ನಲ್ಲಿಯಲ್ಲಿ ಬಾಯಿ ತೊಳೆದು, ಮತ್ತೆ ಬಂದು ಮರದ ಮುಂದೆ ಕೂತೆ. ಸಕ್ಕರೆಗೆ ಉಪ್ಪಿನ ರುಚಿ ಇರುವುದಿಲ್ಲ. ಬೆಲ್ಲದ ವ್ಯಾಪಾರದವರ ಮನೆಯಲ್ಲಿ ಹುಟ್ಟಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳುವುದು ನನಗೆ ಈಗಲೂ ಕಷ್ಟ. ಹೊಳೆ, ಕೆರೆಗಳ ತಳದಲ್ಲಿ ಮುಳುಗಿರುವ ಹಳೆಯ ದೋಣಿಗಳನ್ನು ಹುಡುಕುತ್ತೇನೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದು ಅಳೆಯುತ್ತೇನೆ, ಚಿತ್ರ ಬರೆದುಕೊಳ್ಳುತ್ತೇನೆ, ಅವು ಹಾಳಾಗದಂತೆ ಮಾಡಲು ಸಾಧ್ಯವಾದದ್ದನ್ನು ಮಾಡುತ್ತೇನೆ. ಆಮೇಲೆ ಅವುಗಳ ಬಗ್ಗೆ ಪುಸ್ತಕ ಬರೆಯುತ್ತೇನೆ. ಒಂದು ಪುಸ್ತಕ ಬಂದಿದೆ, ಇನ್ನೊಂದು ಮುಗಿಯುತ್ತ ಬಂದಿದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಶುರುವಾದ ಹುಚ್ಚು ಇದು. ಮುಳುಗುವುದನ್ನು ಕಲಿತದ್ದು ಕರಾವಳಿಯಲ್ಲಿ. ಅಲ್ಲಿ ಕಲಿಸಿದವರು ಸಮುದ್ರವನ್ನು ಬಿಟ್ಟು ಹೊಳೆಗೆ ಯಾಕೆ ಹೋಗುತ್ತೀರಿ, ಅಲ್ಲಿ ಏನು ಕಾಣುತ್ತದೆ ಎಂದು ಕೇಳಿದ್ದರು. ಏನೂ ಕಾಣುವುದಿಲ್ಲ, ನಿಜ. ಮನೆಗೆ ಬಂದ ನೆಂಟರಿಗೆ ಅವ್ವ ನನ್ನದು ಕಾಲೇಜಿಗೆ ಸಂಬಂಧಪಟ್ಟ ಕೆಲಸ ಎಂದು ಹೇಳುತ್ತಾಳೆ. ನಾನು ತಿದ್ದುವುದಿಲ್ಲ.

ಹರಿಹರದಿಂದ ಗುತ್ತೂರಿನ ಕಡೆ ತುಂಗಭದ್ರೆಯಲ್ಲಿ ಒಂದು ಮಡುವಿದೆ. ಬೇಸಿಗೆಯಲ್ಲೂ ಅಲ್ಲಿ ನೀರು ಇಂಗುವುದಿಲ್ಲ. ಅದರ ತಳದಲ್ಲಿ, ಅರ್ಧ ಮರಳಿನಲ್ಲಿ ಹೂತು, ಗಾಡಿ ಎತ್ತು ಸಮೇತ ಜನರನ್ನು ದಾಟಿಸುತ್ತಿದ್ದ ಕಾಲದ ಒಂದು ದೊಡ್ಡ ದೋಣಿ ಮಲಗಿದೆ. ಅದನ್ನು ನಾನು ನೋಡಿದ್ದೇನೆ ಎನ್ನುವುದಕ್ಕಿಂತ ಮುಟ್ಟಿದ್ದೇನೆ ಎನ್ನಬೇಕು. ಅಲ್ಲಿ ಕೈ ಚಾಚಿದರೆ ಕೈಬೆರಳು ಕಾಣದು. ದಡದ ತೆಪ್ಪದವರು ಹಿಡಿದಿರುವ ಹಗ್ಗ ಸೊಂಟಕ್ಕಿರುತ್ತದೆ. ಜೊತೆಗೆ ಇಳಿಯುವ ಗೆಳತಿಯ ಉಸಿರಿನ ಗುಳ್ಳೆಗಳ ಸದ್ದು ಪಕ್ಕದಲ್ಲಿರುತ್ತದೆ. ಉಳಿದದ್ದೆಲ್ಲ ಅಂಗೈಗೆ ತಿಳಿಯಬೇಕು. ಹಲಗೆ ಎಲ್ಲಿ ಮುಗಿಯಿತು, ಕಬ್ಬಿಣದ ಮೊಳೆ ಎಲ್ಲಿ ತುಕ್ಕಾಗಿ ಗಂಟುಕಟ್ಟಿದೆ, ಬಡಗಿ ಬಾಚಿಯಿಂದ ಕೆತ್ತಿದ ಗುರುತು ಯಾವ ಕಡೆಗೆ ಓಡಿದೆ. ಆ ಬಾಚಿಯ ಗುರುತುಗಳ ಮೇಲೆ ಬೆರಳಾಡಿಸುವಾಗ ನನಗೆ ಆಗುವ ಸಂತೋಷವನ್ನು ನಾನು ಯಾರಿಗೂ ಹೇಳಿದವಳಲ್ಲ. ಅಪ್ಪಾಜಿಗಂತೂ ಇಲ್ಲ.

ಇಂಥ ದೋಣಿಗಳನ್ನು ಮೇಲೆತ್ತುವುದಿಲ್ಲ. ನೀರಿನಲ್ಲಿ, ಮರಳಿನ ಕೆಳಗೆ ಇದ್ದಷ್ಟು ದಿನ ಅವು ಕ್ಷೇಮ. ಆದರೆ ಮರಳು ತೆಗೆಯುವ ಯಂತ್ರವೊಂದು ಆ ಮಡುವಿಗೂ ಬಂತು. ಅದರ ಬಾಯಿ ದೋಣಿಯ ಮೂತಿಗೆ ತಾಗಿ, ಪಕ್ಕೆಲುಬಿನಂತೆ ದೋಣಿಯ ಮೈಯನ್ನು ಹಿಡಿದಿದ್ದ ಒಂದಾಳುದ್ದದ ಪಕ್ಕೆಮರವೊಂದು ಕಿತ್ತು ಬಂದು, ಮರಳಿನ ಜೊತೆ ದಡಕ್ಕೆ ಬಿತ್ತು. ಒಲೆಗೆ ಹೋಗಬೇಕಾಗಿದ್ದ ಆ ಮರವನ್ನು ತೆಪ್ಪದವರು ಒದ್ದೆ ಗೋಣಿ ಹೊದಿಸಿ ಕಾದಿಟ್ಟು ನನಗೆ ಫೋನ್ ಮಾಡಿದರು. ದೋಣಿಯ ಕಿತ್ತ ಭಾಗದ ಮೇಲೆ ಮರಳು ತುಂಬಿದ ಚೀಲಗಳನ್ನು ಪೇರಿಸಿ ಮುಚ್ಚಿದೆವು. ಪಕ್ಕೆಮರವನ್ನು ಮಾತ್ರ, ಪುರಾತತ್ವ ಇಲಾಖೆಯವರ ಒಪ್ಪಿಗೆ ಪಡೆದು, ಅವರ ಕಟ್ಟಡದಲ್ಲಿ ಜಾಗವಾಗುವವರೆಗೆ ನನ್ನ ಜವಾಬ್ದಾರಿಯಲ್ಲಿ ಇಟ್ಟುಕೊಂಡೆ. ನನಗೆ ಇದ್ದ ಜಾಗ ಒಂದೇ: ದಾವಣಗೆರೆಯ ಮಂಡಿಪೇಟೆಯಲ್ಲಿ ಅಪ್ಪಾಜಿಯ ಅಂಗಡಿಯ ಹಿಂದಿನ ಗೋದಾಮು, ಅದರ ಮೂಲೆಯಲ್ಲಿ ಬಳಸದೆ ಬಿಟ್ಟಿದ್ದ ಒಂದು ಸಿಮೆಂಟಿನ ತೊಟ್ಟಿ.

ಬಹುಕಾಲ ನೀರಿನಲ್ಲಿದ್ದ ಮರ ನೋಡಲು ಗಟ್ಟಿಯಾಗಿರುತ್ತದೆ, ಆದರೆ ಅದರೊಳಗಿನ ಸತ್ವ ಕರಗಿ ಆ ಜಾಗದಲ್ಲಿ ನೀರು ನಿಂತಿರುತ್ತದೆ. ಒಣಗಲು ಬಿಟ್ಟರೆ ನೀರು ಹೋಗುತ್ತದೆ, ಮರ ಕುಸಿಯುತ್ತದೆ, ಒಣದ್ರಾಕ್ಷಿಯ ಹಾಗೆ. ಆದ್ದರಿಂದ ನೀರು ಹೊರಗೆ ಬರುವ ಮೊದಲು ಬೇರೆ ಏನನ್ನಾದರೂ ಒಳಗೆ ಕಳಿಸಬೇಕು. ದುಬಾರಿ ರಾಸಾಯನಿಕಗಳಿವೆ. ಅವು ಕೈಗೆಟುಕದವರಿಗೆ ಸಕ್ಕರೆ ಇದೆ. ತೆಳುವಾದ ಸಕ್ಕರೆ ನೀರಿನಲ್ಲಿ ಮರವನ್ನು ಮುಳುಗಿಸಿಟ್ಟು, ಕೆಲವು ವಾರಕ್ಕೊಮ್ಮೆ ಸಕ್ಕರೆ ಹೆಚ್ಚಿಸುತ್ತ ಹೋದರೆ ಅದು ನಿಧಾನವಾಗಿ ಮರದೊಳಗೆ ಸೇರಿ, ಒಣಗಿದಾಗ ಹರಳುಗಟ್ಟಿ, ಒಳಗಿನಿಂದ ಆಧಾರ ಕೊಡುತ್ತದೆ. ಬಿಳಿ ಸಕ್ಕರೆಯೇ ಆಗಬೇಕು. ಬೆಲ್ಲ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ; ಮಳೆಗಾಲದಲ್ಲಿ ಬೆವರುತ್ತದೆ, ಬೂಸು ಹಿಡಿಯುತ್ತದೆ. ಇದನ್ನೆಲ್ಲ ನಾನು ಎರಡು ಕಾಲೇಜುಗಳಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದ್ದೇನೆ. ಹಿಂದಿನ ಬೆಂಚಿನಲ್ಲಿ ಮೊಬೈಲು ನೋಡುತ್ತಿದ್ದ ಹುಡುಗರಿಗೆ ಕೂಡ.

ಅಪ್ಪಾಜಿಗೆ ನಾನು ಹೇಳಿದ್ದು ಇಷ್ಟು: "ಅಪ್ಪಾಜಿ, ತೊಟ್ಟಿಗೆ ಸಕ್ಕರೆ ನೀರು ಬೇಕು. ನಾ ಇಲ್ದಾಗ ಒಂದಿಷ್ಟು ನೋಡ್ಕಳ್ರಿ."

ಅವರು ಯಾಕೆ ಎಂದು ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾಕೆ ಎಂದು ಕೇಳುವ ರೂಢಿ ಕಡಿಮೆ. ಆ ವಾರವೇ ನಾನು ಹರಿಹರದಲ್ಲಿ ಹೊಳೆಗೆ ಹತ್ತಿರವಾಗಿ ಒಂದು ಕೋಣೆ ಹಿಡಿದು, ದೋಣಿಯ ಉಳಿದ ಅಳತೆಗಳನ್ನು ಮುಗಿಸಲು ಹೋದೆ. ಭಾನುವಾರಗಳಲ್ಲಿ ಬರುತ್ತಿದ್ದೆ. ಯಾವಾಗ ಎಷ್ಟು ಹೆಚ್ಚಿಸಬೇಕು ಎಂದು ಹೇಳಿ ಹೋಗುತ್ತಿದ್ದೆ.

ನಾನು ನೀರಿಗೆ ಇಳಿಯುವುದು ಅಪ್ಪಾಜಿಗೆ ಇಷ್ಟವಿರಲಿಲ್ಲ. ಬೇಡ ಎಂದು ಒಂದು ದಿನವೂ ಹೇಳಿದವರಲ್ಲ. ಆದರೆ ಹರಿಹರಕ್ಕೆ ವ್ಯಾಪಾರದ ಮೇಲೆ ಬಂದಾಗಲೂ ಹೊಳೆಯ ಕಡೆ ಬರುತ್ತಿರಲಿಲ್ಲ. ಬಸ್ ನಿಲ್ದಾಣದಿಂದಲೇ ಫೋನ್ ಮಾಡಿ ಊಟ ಆಯಿತೇ ಎಂದು ಕೇಳಿ ಹೋಗುತ್ತಿದ್ದರು. ನನ್ನ ಮೊದಲ ಪುಸ್ತಕದಲ್ಲಿ ನಾನು ನೀರಿನಿಂದ ತಲೆಯೆತ್ತುತ್ತಿರುವ ಒಂದು ಫೋಟೊ ಇದೆ. ಆ ಪುಟ ಬಂದಾಗ ಅವರು ಬೇಗ ತಿರುವಿದ್ದನ್ನು ನೋಡಿದ್ದೇನೆ. ಹೀಗಿದ್ದವರ ಗೋದಾಮಿಗೇ ಹೊಳೆಯ ಒಂದು ತುಂಡು ಬಂದು ಬಿದ್ದಾಗ ಅವರು ಬದಲಾದರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿ, ಆಮೇಲೆ ಹಿಂದಕ್ಕೆ ಹೋಗಿ ತೊಟ್ಟಿಯ ಮುಚ್ಚಳ ಸರಿಸಿ ನೋಡದೆ ಗಿರಾಕಿಗೆ ಕೂಡ್ರಿ ಎನ್ನುತ್ತಿರಲಿಲ್ಲವಂತೆ. ನನ್ನ ಕೆಲಸದಲ್ಲಿ ಅವರಿಗೆ ಸಿಕ್ಕಿದ ಪಾಲು ಅದೊಂದೇ.

ಎದುರಿನ ಗೋಣಿಚೀಲದ ಅಂಗಡಿಯ ಸಾಹೇಬರು ಅಪ್ಪಾಜಿಯ ಹಳೆಯ ಸ್ನೇಹಿತರು. ಹೊಳೆಯಲ್ಲಿ ದೋಣಿ ಮುಚ್ಚಲು ಚೀಲ ಕೊಟ್ಟವರೂ ಅವರೇ. ಒಂದು ಭಾನುವಾರ ನಾನು ಬಂದಾಗ ಅವರು ತೊಟ್ಟಿಯ ಪಕ್ಕ ನಿಂತಿದ್ದರು.

"ನೋಡವ್ವಾ," ಎಂದರು ನನಗೆ. "ನಿಮ್ಮಪ್ಪ ಈ ಮರಕ್ಕ ಬೆಲ್ಲ ತಿನ್ನಿಸ್ತಾನೆ. ಇಷ್ಟು ವರ್ಷ ಎದುರಿಗೆ ಕುಂತೀನಿ, ನನಗ ಒಂದ್ ಉಂಡೆ ಕೊಟ್ಟಿಲ್ಲ."

"ನಿಮಗ ಶುಗರ್ ಐತಲ್ರಿ ಸಾಹೇಬ್ರೆ," ಎಂದರು ಅಪ್ಪಾಜಿ. "ಕೊಟ್ಟು ನಿಮ್ ಮನ್ಯಾರ ಕೈಲಿ ಬೈಸಿಕೊಳ್ಲೇನು?"

ನಾನೂ ನಕ್ಕೆ. ಬೆಲ್ಲದ ಅಂಗಡಿಯಲ್ಲಿ ಯಾರು ಏನು ತಮಾಷೆ ಮಾಡಿದರೂ ಅದರಲ್ಲಿ ಬೆಲ್ಲ ಇರುತ್ತದೆ. ಆಮೇಲೆ ಅಳತೆಯ ಗಾಜಿನ ಕೊಳವೆಯನ್ನು ನೀರಿನಲ್ಲಿ ತೇಲಿಬಿಟ್ಟೆ. ನೀರು ಎಷ್ಟು ಗಾಢವಾಗಿರಬೇಕಿತ್ತೋ ಅಷ್ಟು ಗಾಢವಾಗಿತ್ತು. ಯಾವುದರಿಂದ ಗಾಢವಾಗಿದೆ ಎಂದು ಆ ಕೊಳವೆ ಹೇಳುವುದಿಲ್ಲ. ನೀರು ಕಪ್ಪಗಿತ್ತು, ಆದರೆ ಪಕ್ಕೆಮರ ಮತ್ತಿಯದು, ಮೊದಲ ದಿನದಿಂದಲೇ ಕಪ್ಪು ಬಿಡುತ್ತಿತ್ತು. ಬೆಲ್ಲದ ವಾಸನೆ ಇತ್ತು, ಆದರೆ ಆ ಗೋದಾಮಿನ ಗೋಡೆಗೂ ಅದೇ ವಾಸನೆ. ಅಂಚಿನಲ್ಲಿ ತೆಳ್ಳಗೆ ನೊರೆ ಕಟ್ಟಿದ್ದನ್ನು ಮಾತ್ರ ನಾನು ಅನುಮಾನಿಸಬೇಕಿತ್ತು. ಹರಿಹರದ ಬಸ್ಸಿಗೆ ಹೊತ್ತಾಗಿತ್ತು.

ತಿಂಗಳುಗಳು ಕಳೆದು, ಮರ ಹೀರಿಕೊಳ್ಳುವಷ್ಟನ್ನು ಹೀರಿಕೊಂಡಿದೆ ಎನಿಸಿದ ಮೇಲೆ ತೊಟ್ಟಿಯಿಂದ ತೆಗೆದು ನೆರಳಿನಲ್ಲಿ ಒಣಗಲು ಇಟ್ಟೆ. ಬೇಸಿಗೆಯಲ್ಲಿ ಎಲ್ಲ ಸರಿಯಾಗಿತ್ತು. ಮೊದಲ ಮಳೆ ಬಂದು ನಾಲ್ಕೈದು ದಿನಗಳಾದ ಮೇಲೆ, ಮರ ಬೆವರಿತು.

ಅಂದು ಮಧ್ಯಾಹ್ನ ಬಾಯಿ ತೊಳೆದುಕೊಂಡವಳು ಅಪ್ಪಾಜಿಯನ್ನು ಕೇಳುವ ಮೊದಲು ಮನೆಗೆ ಹೋಗಿ ಅವ್ವನನ್ನು ಕೇಳಿದೆ. ತೊಟ್ಟಿಗೆಂದು ನಾನು ತರಿಸಿದ್ದ ಸಕ್ಕರೆ ಚೀಲಗಳು ನಮ್ಮ ಮನೆಯ ಅಟ್ಟದಲ್ಲಿ ಇದ್ದವು. ಒಂದನ್ನು ಬಿಚ್ಚಿ ಅವ್ವ ಚಹಾಕ್ಕೆ ಬಳಸುತ್ತಿದ್ದಳು. ನನಗೆ ಗೊತ್ತಿದೆ ಎಂದುಕೊಂಡಿದ್ದಳಂತೆ.

ಅಂಗಡಿಗೆ ವಾಪಸ್ಸು ಬಂದು, ತೊಟ್ಟಿಗೆ ಯಾವ ಸಕ್ಕರೆ ಹಾಕಿದಿರಿ ಎಂದು ಸಾಧಾರಣವಾಗಿ ಕೇಳಿದೆ. ಅಪ್ಪಾಜಿಯ ಮುಖ ಅರಳಿತು. ಎಷ್ಟೋ ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವರಂತೆ.

"ಸಕ್ಕರೆ ಎಲ್ಲಿ ಹಾಕ್ಲವ್ವಾ? ಗಂಗಮ್ಮನ ದೋಣಿ ಅದು. ಫ್ಯಾಕ್ಟ್ರಿಯಾಗ ಏನೇನ್ ಹಾಕಿ ಬೆಳ್ಳಗ ಮಾಡ್ತಾರೋ ಯಾರು ಕಂಡೋರು. ನೈವೇದ್ಯಕ್ಕ ಇಡಾ ಬೆಲ್ಲ ಹಾಕೀನಿ. ಕರಗಿಸಿ, ಬಟ್ಟೆಯಾಗ ಸೋಸಿ, ಆರಿಸಿ ಹಾಕೀನಿ. ಒಂದ್ ಕಸ ಇಲ್ಲ."

ನಾನು ಆಗ ಹೇಳಬೇಕಿತ್ತು. ವಾಕ್ಯ ಬಾಯಿಯಲ್ಲಿ ಸಿದ್ಧವಾಗಿತ್ತು. ಆದರೆ ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಮಾಡಿ, ಬಟ್ಟೆ ಹಿಂಡುವುದನ್ನು ತೋರಿಸುತ್ತಿದ್ದರು. ಬಿಸಿ ಪಾಕ ತಾಗಿ ಹೆಬ್ಬೆರಳ ಬುಡದಲ್ಲಿ ಒಂದು ಮಚ್ಚೆ ಬಿದ್ದಿತ್ತು; ಯಾವಾಗಿನದೋ, ನಾನು ಗಮನಿಸಿರಲಿಲ್ಲ.

"ಚೊಲೋ ಮಾಡೀರಿ ಅಪ್ಪಾಜಿ," ಎಂದೆ.

ನನಗೆ ಪಾಠ ಹೇಳಿದ್ದ ಮೇಡಂ ಒಬ್ಬರಿಗೆ ಫೋನ್ ಮಾಡಿದೆ. ಮರದ ಕೆಲಸ ತಿಳಿದವರು. ಶುದ್ಧ ನೀರಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತ ಹೋಗಿ, ಬೆಲ್ಲವನ್ನೆಲ್ಲ ಹೊರಗೆ ತೆಗೆದು, ಮತ್ತೆ ಮೊದಲಿನಿಂದ ಶುರು ಮಾಡಬೇಕು ಎಂದರು. ಮೇಲ್ಪದರ ಎಷ್ಟು ಉಳಿಯುತ್ತದೋ ಹೇಳಲಾಗದು. ಅದು ನನಗೂ ಗೊತ್ತಿತ್ತು. ಒಂದು ಬದಿಯಲ್ಲಿ ಬೂಸು ಒಳಗೆ ಇಳಿದು ಮರ ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಸುಲಿದು ಬರುತ್ತಿತ್ತು. ಬಾಚಿಯ ಗುರುತುಗಳು ಹೆಚ್ಚಾಗಿ ಇದ್ದದ್ದು ಆ ಬದಿಯಲ್ಲೇ. ನಾನು ಅವುಗಳ ಚಿತ್ರ ಬರೆದಿಟ್ಟಿದ್ದೆ. ಚಿತ್ರದ ಮೇಲೆ ಬೆರಳಾಡಿಸಿದರೆ ಕಾಗದ ತಾಗುತ್ತದೆ.

ಯಾರು ಹಾಕಿದ್ದು ಬೆಲ್ಲ ಎಂದು ಮೇಡಂ ಕೇಳಿದರು. ನನ್ನ ಉಸ್ತುವಾರಿ ಸರಿ ಇರಲಿಲ್ಲ ಎಂದೆ. ಅದು ಸುಳ್ಳಲ್ಲ. ಪೂರ್ತಿ ಸತ್ಯವೂ ಅಲ್ಲ.

ಅಪ್ಪಾಜಿಗೆ ಹೇಳಿದ್ದು ಮಾತ್ರ ಸುಳ್ಳೇ. ಮುಂದಿನ ಹಂತದಲ್ಲಿ ಮರವನ್ನು ಶುದ್ಧ ನೀರಿನಲ್ಲಿ ಇಡಬೇಕು, ಪದ್ಧತಿಯೇ ಹಾಗೆ ಎಂದೆ. ಅವರು ತಲೆಯಾಡಿಸಿದರು. ಅಭಿಷೇಕ ಆದ ಮೇಲೆ ಶುದ್ಧೋದಕ ಇದ್ದಂಗೆ ಎಂದು ತಮಗೆ ತಾವೇ ಅರ್ಥ ಮಾಡಿಕೊಂಡರು. ಗೋದಾಮಿನಲ್ಲಿ ನಲ್ಲಿ ಇಲ್ಲ. ನೀರನ್ನು ಅಂಗಡಿಯ ಮುಂದಿನಿಂದ ಹೊತ್ತು ತರಬೇಕು. ನಾನು ಪೈಪು ತರುತ್ತೇನೆ ಎಂದು ಹೇಳಿ ಹರಿಹರಕ್ಕೆ ಹೋಗಿ ಬರುವಷ್ಟರಲ್ಲಿ ಅವರು ಕೊಡದಲ್ಲಿ ಹೊತ್ತು ತೊಟ್ಟಿ ತುಂಬಿಸಿದ್ದರು. ಮಂಡಿ ನೋವಿನವರು. ಹಮಾಲರು ಇದ್ದಾರಲ್ಲ ಎಂದರೆ, ಇದಕ್ಕೆ ಅವರನ್ನು ಕರೆಯುವುದು ಸರಿಯಲ್ಲ ಎಂದರು. ಮರುವಾರ ಕಪ್ಪಾದ ನೀರನ್ನು ಚೆಲ್ಲಿ ಮತ್ತೆ ತುಂಬಿಸಿದೆವು. ಅದರ ಮರುವಾರ ಮತ್ತೆ. ಪೈಪು ತಂದ ಮೇಲೂ ಕೊನೆಯ ಕೊಡ ಅವರೇ ಹೊತ್ತು ಹಾಕುತ್ತಿದ್ದರು. ತಾವು ಸೋಸಿ ಹಾಕಿದ ಬೆಲ್ಲವನ್ನು ತಾವೇ ನೀರು ಹೊತ್ತು ತೊಳೆಯುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ತೊಟ್ಟಿಯ ಇನ್ನೊಂದು ಬದಿಯಲ್ಲಿ ನಿಂತು ಕೊಡ ಇಸಿದುಕೊಳ್ಳುತ್ತಿದ್ದೆ.

ಆ ದಿನಗಳಲ್ಲಿ ನನಗೆ ಅವರ ಜೊತೆ ಕೂತು ಊಟ ಮಾಡುವುದು ಕಷ್ಟವಾಗಿತ್ತು. ಹೇಳಿಬಿಡಬೇಕು ಎಂದುಕೊಂಡು ಹರಿಹರದಿಂದ ಬಸ್ಸು ಹತ್ತುತ್ತಿದ್ದೆ. ಇಳಿಯುವಷ್ಟರಲ್ಲಿ ಕಾರಣಗಳು ಸಿಕ್ಕಿರುತ್ತಿದ್ದವು. ಹೇಳಿದರೆ ಮರ ಸರಿಯಾಗುತ್ತದೆಯೇ? ಇಲ್ಲ. ಹೇಳದಿದ್ದರೆ ಯಾರಿಗೆ ನಷ್ಟ? ಅಂಗಡಿಗೆ ಬಂದವರಿಗೆಲ್ಲ ಅವರು ಈಗಲೂ ಆ ಕಥೆ ಹೇಳುತ್ತಿದ್ದರು, ಸಕ್ಕರೆಯಲ್ಲ, ಬೆಲ್ಲ ಎಂದು ಒತ್ತಿ ಹೇಳುತ್ತಿದ್ದರು. ಹೇಳಿಕೊಳ್ಳಲಿ ಎಂದುಕೊಂಡೆ. ಒಬ್ಬ ವ್ಯಾಪಾರಿಯ ಹೆಮ್ಮೆಯಿಂದ ಯಾವ ದೋಣಿ ಮುಳುಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಮಾತ್ರ ಬೆಲ್ಲದ ವಿಷಯ ಬರುವಲ್ಲಿ ಬರವಣಿಗೆ ನಿಂತಿತ್ತು. ಮರ ಯಾಕೆ ಕೆಟ್ಟಿತು ಎಂದು ಬರೆಯದೆ ಆ ಅಧ್ಯಾಯಕ್ಕೆ ಅರ್ಥವಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತು. ಇಳಿದವರು ಮಲೆಬೆನ್ನೂರಿನ ಕಡೆಯ ಒಬ್ಬ ಭತ್ತದ ರೈತರು, ಹಬ್ಬಕ್ಕೆಲ್ಲ ಅಪ್ಪಾಜಿಯ ಹತ್ತಿರವೇ ಬೆಲ್ಲ ಒಯ್ಯುವವರು. ಅವರ ಊರಿನ ಕೆರೆಯಲ್ಲಿ ಬೇಸಿಗೆಯಲ್ಲಿ ಹೂಳೆತ್ತುವಾಗ ಒಂದು ದೋಣಿ ಸಿಕ್ಕಿತ್ತು. ಮೊಬೈಲಿನಲ್ಲಿ ತೋರಿಸಿದರು. ಮೊಬೈಲನ್ನು ಕೈಗೆ ತೆಗೆದುಕೊಂಡು ಫೋಟೊ ದೊಡ್ಡದು ಮಾಡಿ ನೋಡಿದೆ. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿ, ಮೂತಿಯಿಂದ ಹಿಂಬದಿಯವರೆಗೆ ಇಡಿಯಾಗಿತ್ತು. ಅಂಥದ್ದನ್ನು ನಾನು ಈ ಸೀಮೆಯಲ್ಲಿ ಕಂಡಿರಲಿಲ್ಲ. ನನ್ನ ಮಡುವಿನ ದೋಣಿಗಿಂತ ಎಷ್ಟೋ ಹಳೆಯದಿರಬಹುದು. ಊರವರು ಅದನ್ನು ಒಣಗಲು ಬಿಡದೆ ದನಗಳ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದರು. ಅಷ್ಟು ತಿಳಿವಳಿಕೆ ಅವರಿಗೆ ಎಲ್ಲಿಂದ ಬಂತು ಎಂದು ಕೇಳುವ ಮೊದಲೇ ಅವರು ಹೇಳಿದರು: ಸಾವ್ಕಾರ್ರು, ಅಂದರೆ ಅಪ್ಪಾಜಿ, ಫೋನಿನಲ್ಲಿ ಹೇಳಿದ್ದರು. ಮೊದಲು ನೀರು, ಆಮೇಲೆ ಬೆಲ್ಲ.

ಅವರು ಬೆಲ್ಲ ಒಯ್ಯಲು ಬಂದಿದ್ದರು.

ಅಪ್ಪಾಜಿ ಆಗಲೇ ಎದ್ದು ಒಳಗೆ ಹೋಗಿ ಒಳ್ಳೆಯ ಅಚ್ಚುಗಳನ್ನು ಆರಿಸುತ್ತಿದ್ದರು. ಒಂದೊಂದನ್ನೂ ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಬೇಡವಾದದ್ದನ್ನು ಬದಿಗೆ ಇಡುತ್ತಿದ್ದರು. ಸಾಹೇಬರು ಎದುರಿನಿಂದ ಬಂದು ತಮ್ಮ ಕಡೆಯಿಂದ ಹೊಸ ಚೀಲಗಳನ್ನು ಕೊಟ್ಟರು. ಇನ್ನಿಬ್ಬರು ಗಿರಾಕಿಗಳು ಕುರ್ಚಿಯಲ್ಲಿ ಕೂತು ಇದೆಲ್ಲ ಏನೆಂದು ವಿಚಾರಿಸುತ್ತಿದ್ದರು. ಅವರಿಗೆ ಸಾಹೇಬರೇ ವಿವರಿಸಿದರು.

ರೈತರು ನನ್ನ ಕಡೆ ತಿರುಗಿದರು. "ನೀವು ಓದಿದೋರು. ಇನ್ನೇನಾರ ಹಾಕ್ಬೇಕೇನ್ರಿ ತಂಗಿ?"

"ಅವಳು ನೀರಿನ ಒಳಗಿನ ಕೆಲಸದಾಕಿ," ಎಂದು ಅಪ್ಪಾಜಿ ಒಳಗಿನಿಂದಲೇ ಹೇಳಿದರು. ದನಿಯಲ್ಲಿ ನಗು ಇತ್ತು. "ನೀರಿನ ಹೊರಗಿಂದು ನನ್ ಡಿಪಾರ್ಟ್ಮೆಂಟು."

ಎಲ್ಲರೂ ನಕ್ಕರು. ನಾನು ಈ ಕೆಲಸಕ್ಕೆ ಬಂದ ಮೇಲೆ ಅವರು ಅದರ ಬಗ್ಗೆ ನಾಲ್ಕು ಜನರ ಎದುರು ತಮಾಷೆ ಮಾಡಿದ್ದು ಅದೇ ಮೊದಲು. ನೀರಿನ ಒಳಗಿನ ಕೆಲಸ ಎಂದು ಬಾಯಿಬಿಟ್ಟು ಹೇಳಿದ್ದೂ ಮೊದಲು. ನಾನು ರೈತರಿಗೆ, ಔಷಧದ ಪುಡಿಯನ್ನು ನಾನೇ ಬಂದು ಹಾಕುತ್ತೇನೆ ಎಂದೆ. ಚೀಲಗಳು ಟ್ರ್ಯಾಕ್ಟರಿಗೆ ಏರಿದವು. ಅಪ್ಪಾಜಿ ದುಡ್ಡು ಬೇಡವೆಂದು ಕೈ ಅಡ್ಡ ಹಿಡಿದರು. ಟ್ರ್ಯಾಕ್ಟರ್ ತಿರುವಿನಲ್ಲಿ ಮರೆಯಾಗುವವರೆಗೂ ನನಗೆ ಕೂಗಿ ನಿಲ್ಲಿಸುವ ಅವಕಾಶ ಇತ್ತು. ನಾನು ನಿಂತೇ ಇದ್ದೆ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ, ಅವರು ತಕ್ಕಡಿ ಒರೆಸುತ್ತಿರುವಾಗ ಹೇಳಿದೆ. ನಾನು ಬರೆಯುವಾಗ ವಾಕ್ಯಗಳನ್ನು ತೂಗಿ ಬರೆಯುವವಳು. ಅಂದು ಹೇಗೆ ಹೇಗೋ ಬಂತು. ಬೆಲ್ಲ ತೇವ ಎಳೆದುಕೊಳ್ಳುತ್ತದೆ ಎಂದೆ. ನಮ್ಮ ಮರ ಕೆಟ್ಟದ್ದು ಅದರಿಂದ ಎಂದೆ. ಶುದ್ಧ ನೀರು ಮುಂದಿನ ಹಂತವಲ್ಲ, ಬೆಲ್ಲ ತೆಗೆಯಲು ಎಂದೆ. ಆ ರೈತರ ದೋಣಿಯೂ ಹಾಗೇ ಆಗುತ್ತದೆ ಎಂದೆ. ತಪ್ಪು ನಿಮ್ಮದಲ್ಲ, ಬಿಳಿ ಸಕ್ಕರೆಯೇ ಯಾಕೆ ಎಂದು ನಾನು ಹೇಳಲೇ ಇಲ್ಲ ಎಂದು ಎರಡು ಮೂರು ಸಲ ಹೇಳಿದೆ.

ಅವರು ತಕ್ಕಡಿ ಒರೆಸುವುದನ್ನು ಮುಗಿಸಿದರು. ಬಟ್ಟೆಯನ್ನು ಮಡಚಿ ಅದರ ಜಾಗದಲ್ಲಿ ಇಟ್ಟರು.

"ಯಾವಾಗ ಗೊತ್ತಾತು ನಿನಗ?"

"ಮಳೆ ಶುರುವಾದಾಗ."

ಲೆಕ್ಕ ಹಾಕುತ್ತಿದ್ದಾರೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಮಳೆ, ಆಮೇಲೆ ತೊಟ್ಟಿ, ಆಮೇಲೆ ಕೊಡಗಳು.

"ಬೆಲ್ಲ ಹಾಕಿದ್ದು ತಪ್ಪು. ಆತು. ವ್ಯಾಪಾರದಾಗೂ ಆಗ್ತೈತೆ," ಎಂದರು. "ಆದ್ರೆ ನಾ ನೀರು ಹೊರೋವಾಗ ನೋಡ್ತಾ ನಿಂತಿದ್ಯಲ್ಲವ್ವಾ."

ಕೊಡ ಇಸಿದುಕೊಳ್ಳುತ್ತಿದ್ದೆ ಎನ್ನುವುದು ಅದಕ್ಕೆ ಉತ್ತರವಲ್ಲ. ಎದುರು ಅಂಗಡಿಯ ಶಟರು ಸದ್ದು ಮಾಡುತ್ತ ಕೆಳಗಿಳಿಯಿತು. ಸಾಹೇಬರು ಕೈಯೆತ್ತಿ ಹೋಗಿಬರ್ತೀನಿ ಎಂದರು, ಅಪ್ಪಾಜಿಯೂ ಕೈಯೆತ್ತಿದರು.

ನಾನು ಆ ರೈತರಿಗೆ ಫೋನ್ ಮಾಡುತ್ತೇನೆ ಎಂದೆ. ಒಂದು ರಾತ್ರಿ ಬೆಲ್ಲದ ನೀರಿನಲ್ಲಿದ್ದರೆ ಏನೂ ಆಗುವುದಿಲ್ಲ, ಬೇಗ ತೆಗೆದರೆ ಸಾಕು ಎಂದೆ. ಅವರು ಒಪ್ಪದೆ ತಲೆಯಲ್ಲಾಡಿಸಿದರು. ಕೊಟ್ಟು ಕಳಿಸಿದ್ದನ್ನು ಫೋನಿನಲ್ಲಿ ಬೇಡ ಎನ್ನುವುದು ಸರಿಯಲ್ಲ, ಹೋಗಿಯೇ ಹೇಳಬೇಕು ಎಂದರು. ಹಾಗಾದರೆ ಇಬ್ಬರೂ ಹೋಗೋಣ ಎಂದೆ.

"ನಾ ಬರಂಗಿಲ್ಲ. ನನ್ ಮುಖ ನೋಡಿದ್ರೆ ಅವ್ರು, ಇರ್ಲಿ ಬಿಡ್ರಿ ಸಾವ್ಕಾರ್ರೆ, ಅಂತಾರ. ನನ್ ಮನಸ್ಸಿಗೆ ಬ್ಯಾಸರ ಆಗ್ಬಾರ್ದು ಅಂತ ಆ ದೋಣಿನ ಬೆಲ್ಲದ ನೀರಾಗೇ ಕೊಳೀಲಿ ಅಂತ ಬಿಡ್ತಾರ. ನೀ ಹೋಗು. ನಮ್ಮಪ್ಪ ಹೇಳಿದ್ದು ತಪ್ಪು ಅನ್ನು. ಅವರೇ ಹೇಳಿ ಕಳ್ಸ್ಯಾರ ಅನ್ನು. ನಿನ್ ಮ್ಯಾಲೆ ಹಾಕ್ಕಾಬ್ಯಾಡ."

ಮನೆಗೆ ನಡೆಯುವಾಗ ಅವರು ನನಗಿಂತ ಸ್ವಲ್ಪ ಮುಂದೆ ಇದ್ದರು. ಊಟಕ್ಕೆ ಕೂತಾಗ ಅವ್ವನಿಗೆ, ಅಟ್ಟದ ಮೇಲಿನ ಸಕ್ಕರೆ ಇನ್ನು ಚಹಾಕ್ಕೆ ತೆಗೆಯಬೇಡ ಎಂದಷ್ಟೇ ಹೇಳಿದರು. ಅವ್ವ ನಮ್ಮಿಬ್ಬರ ಮುಖ ನೋಡಿದಳು. ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹರಿಹರಕ್ಕೆ ಹೋಗಿ, ಅಲ್ಲಿಂದ ಮಲೆಬೆನ್ನೂರಿನ ಬಸ್ಸು ಹಿಡಿದು, ಅಲ್ಲಿ ಒಂದು ಆಟೋ ಮಾಡಿಕೊಂಡು ಆ ಊರಿಗೆ ಹೋದೆ. ನಾಟಿ ಮುಗಿದ ಗದ್ದೆಗಳ ನಡುವೆ ಕೆರೆ ಏರಿ, ಏರಿಯ ಕೆಳಗೆ ತೊಟ್ಟಿ. ದೋಣಿಯ ಮೂತಿಗೆ ಅರಿಸಿನ ಹಚ್ಚಿ, ಸೇವಂತಿಗೆ ಏರಿಸಿದ್ದರು. ನೀರು ಕೆಂಪಗಿತ್ತು, ಹಿಂದಿನ ಸಂಜೆಯೇ ಹಾಕಿದ್ದರಂತೆ, ಊರ ಹೆಂಗಸರು ಮನೆಮನೆಯಿಂದ ತಾವೂ ಒಂದೊಂದು ಅಚ್ಚು ತಂದು ಸೇರಿಸಿದ್ದರಂತೆ. ರೈತರು ಔಷಧದ ಪುಡಿ ತಂದಿರೇನು ಎಂದು ಕೇಳಿದರು. ಸುತ್ತ ಹತ್ತಾರು ಜನ ನಿಂತಿದ್ದರು.

ಬೆಲ್ಲ ಹಾಕಲು ನಮ್ಮ ಅಪ್ಪಾಜಿ ಹೇಳಿದ್ದು ತಪ್ಪು, ಹಾಗೆಂದು ಅವರೇ ಹೇಳಿ ಕಳಿಸಿದ್ದಾರೆ ಎಂದೆ. ಅವರ ಮಾತನ್ನು ಹಾಗೆಯೇ ಹೇಳಿದೆ, ಮೃದು ಮಾಡಲಿಲ್ಲ. ಆಮೇಲೆ ನನ್ನ ಪಾಲಿನದನ್ನು ಹೇಳಿದೆ: ನಿನ್ನೆ ನೀವು ಚೀಲ ತುಂಬುವ ಮೊದಲೇ ಅದು ತಪ್ಪೆಂದು ನನಗೆ ಗೊತ್ತಿತ್ತು.

ರೈತರು ನನ್ನನ್ನೇ ನೋಡುತ್ತಿದ್ದರು, ಸಿಟ್ಟಿನಿಂದಲ್ಲ, ಅರ್ಥವಾಗದೆ.

"ಮತ್ತೆ ನಿನ್ನೆ ನಾ ಕೇಳಿದ್ನಲ್ರಿ ತಂಗಿ," ಎಂದರು. "ಯಾಕ ಹೇಳ್ಲಿಲ್ಲ?"

ನಾನು ಚಪ್ಪಲಿ ಬಿಟ್ಟು, ತೋಳು ಮಡಚಿ, ಒಂದು ಬಕೆಟ್ಟು ಕೊಡಿ ಎಂದು ಕೇಳಿದೆ. ಒಬ್ಬ ಹೆಂಗಸು ತಂದು ಕೊಟ್ಟಳು. ಹೂವುಗಳನ್ನು ಬದಿಗೆ ತೆಗೆದಿಟ್ಟು, ತೊಟ್ಟಿಯ ನೀರನ್ನು ಗದ್ದೆಯ ಕಾಲುವೆಗೆ ಚೆಲ್ಲತೊಡಗಿದೆ.